ಬೇಸ್‌ಬಾಲ್ ಮ್ಯಾನೇಜರನ ಅನ್ಯಥಾಸಿದ್ಧತ್ವ: ಒಂದು ತರ್ಕಶಾಸ್ತ್ರೀಯ ವಿಚಾರಣೆ

ಮಡಕೆಗೆ ಮಣ್ಣು, ತಿಗರಿ, ಕುಂಬಾರ ಇವೆಲ್ಲ ಕಾರಣವೆಂದು ಒಪ್ಪಿದ ನಮ್ಮ ತಾರ್ಕಿಕರು, ಆ ಮಣ್ಣು ಹೊತ್ತು ತಂದ ಕತ್ತೆಯನ್ನು ಮಾತ್ರ ಪಟ್ಟಿಯಿಂದ ಹೊರಗಿಟ್ಟರು. ಕತ್ತೆ ಮಡಕೆಗಿಂತ ಮೊದಲೇ ಅಲ್ಲಿತ್ತು, ನಿಜ. ಆದರೆ ಅದಿಲ್ಲದಿದ್ದರೂ ಮಡಕೆ ಆಗಿಯೇ ಆಗುತ್ತಿತ್ತು. ಇಂಥದ್ದು ಅನ್ಯಥಾಸಿದ್ಧ. ಅಮೆರಿಕದ ಬೇಸ್‌ಬಾಲ್ ತಂಡದ ಗೆಲುವಿಗೆ ಮ್ಯಾನೇಜರ್ ಕಾರಣನೋ ಅಥವಾ ಕತ್ತೆಯ ಸಾಲಿಗೆ ಸೇರಿದವನೋ ಎಂಬುದು ಪ್ರಸ್ತುತ ಜಿಜ್ಞಾಸೆ. ಕ್ರಿಕೆಟ್ಟಿನಲ್ಲಿ ಬೌಲರನನ್ನು ಬದಲಿಸುವವನು ಬಿಸಿಲಲ್ಲಿ ನಿಂತ ನಾಯಕ. ಬೇಸ್‌ಬಾಲಿನಲ್ಲಿ ಆ ಹಕ್ಕು ಡಗೌಟಿನ ನೆರಳಲ್ಲಿ ಕೂತ ಮ್ಯಾನೇಜರನದು. ವಯಸ್ಸು ಎಪ್ಪತ್ತಾದರೂ ಆತ ಆಟಗಾರರಂತೆಯೇ ಸಮವಸ್ತ್ರ ತೊಟ್ಟು ಕೂರುವುದು ರೂಢಿ.

ಪೂರ್ವಪಕ್ಷದವರು ಮೊದಲು ಕೇಸಿ ಸ್ಟೆಂಗಲ್‌ನನ್ನು ಮುಂದಿಡುತ್ತಾರೆ. 1949ರಿಂದ 1960ರವರೆಗೆ ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ ಈತ 10 ಲೀಗ್ ಪ್ರಶಸ್ತಿ, 7 ವರ್ಲ್ಡ್ ಸೀರೀಸ್ ಗೆದ್ದುಕೊಟ್ಟ; ಇದಕ್ಕಿಂತ ಪ್ರಮಾಣ ಬೇಕೆ ಎಂಬುದು ಅವರ ಪ್ರಶ್ನೆ. ಬೇಕು. ಇದೇ ಸ್ಟೆಂಗಲ್ ಅದಕ್ಕೆ ಮೊದಲು ಬ್ರೂಕ್ಲಿನ್ ಮತ್ತು ಬಾಸ್ಟನ್ ತಂಡಗಳಲ್ಲಿ ಒಂಬತ್ತು ಋತು ಕಳೆದು, ಎಂಟು ತಂಡಗಳ ಲೀಗಿನಲ್ಲಿ ಒಮ್ಮೆಯೂ ಐದನೇ ಸ್ಥಾನದಿಂದ ಮೇಲೇರಲಿಲ್ಲ. ಆಮೇಲೆ 1962ರಲ್ಲಿ ಮೆಟ್ಸ್ ತಂಡ ವಹಿಸಿಕೊಂಡು 120 ಪಂದ್ಯ ಸೋತ. ತಲೆ ಅದೇ, ತಲೆಯೊಳಗಿನದೂ ಅದೇ. ನಡುವೆ ಬಂದುಹೋದವರು ಯೋಗಿ ಬೆರಾ, ಮಿಕ್ಕಿ ಮ್ಯಾಂಟಲ್ ಮುಂತಾದವರು. ಕಾನಿ ಮ್ಯಾಕ್ ಇನ್ನೂ ಒಳ್ಳೆಯ ದೃಷ್ಟಾಂತ. ಸೂಟು ತೊಟ್ಟು, ಕೈಯಲ್ಲಿ ಸ್ಕೋರ್ ಕಾರ್ಡ್ ಬೀಸುತ್ತ ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ತಂಡವನ್ನು ಐವತ್ತು ಋತು ನಡೆಸಿದ ಈತನ ಹೆಸರಿನಲ್ಲಿ 3731 ಗೆಲುವು, 3948 ಸೋಲು ಇವೆ, ಎರಡೂ ದಾಖಲೆ. ಸೋಲು ಹೆಚ್ಚಿದರೂ ಕೆಲಸ ಉಳಿದದ್ದು ಹೇಗೆಂದರೆ, ತಂಡದ ಒಡೆತನದಲ್ಲಿ ಆತನಿಗೂ ಪಾಲಿತ್ತು.

ಇನ್ನು ವ್ಯತಿರೇಕ: ಮ್ಯಾನೇಜರನನ್ನು ತೆಗೆದಿಟ್ಟರೆ ಏನಾಗುತ್ತದೆ? ನಮ್ಮ ಪುಣ್ಯಕ್ಕೆ ಈ ಪ್ರಯೋಗ ನಡೆದಿದೆ. 1951ರ ಆಗಸ್ಟ್ 24ರಂದು ಸೇಂಟ್ ಲೂಯಿ ಬ್ರೌನ್ಸ್ ತಂಡದ ಮಾಲೀಕ ಬಿಲ್ ವೀಕ್ ಸಾವಿರಕ್ಕೂ ಮಿಕ್ಕಿ ಪ್ರೇಕ್ಷಕರ ಕೈಗೆ ‘ಹೌದು’, ‘ಇಲ್ಲ’ ಫಲಕಗಳನ್ನು ಕೊಟ್ಟು, ನಿರ್ಧಾರಗಳನ್ನೆಲ್ಲ ಅವರಿಗೇ ಬಿಟ್ಟ. ಮ್ಯಾನೇಜರ್ ಝ್ಯಾಕ್ ಟೇಲರ್ ಮನೆಯ ಚಪ್ಪಲಿ ಮೆಟ್ಟಿ, ತೂಗುಕುರ್ಚಿಯಲ್ಲಿ ಪೈಪು ಸೇದುತ್ತ ಕೂತ. ಆ ಋತುವಿನಲ್ಲಿ 102 ಪಂದ್ಯ ಸೋತ ಬ್ರೌನ್ಸ್ ಅಂದು ಅಥ್ಲೆಟಿಕ್ಸ್ ವಿರುದ್ಧ 5–3ರಿಂದ ಗೆದ್ದಿತು. ಹಿಂದಿನ ವರ್ಷವಷ್ಟೇ ನಿವೃತ್ತನಾಗಿದ್ದ ಕಾನಿ ಮ್ಯಾಕ್ ಅಂದು ಪ್ರೇಕ್ಷಕರ ನಡುವೆ ಕೂತು, ತಾನು ಅರ್ಧ ಶತಮಾನ ಸಾಕಿದ ತಂಡ ಜನಾಭಿಪ್ರಾಯಕ್ಕೆ ಸೋತದ್ದನ್ನು ಕಂಡ. ಒಂದೇ ಪ್ರಯೋಗ ಸಾಲದು ಎನ್ನುವವರಿಗೆ ಬಕ್ ಶೋವಾಲ್ಟರ್ ಇದ್ದಾನೆ: 1995ರ ನಂತರ ಯಾಂಕೀಸ್ ಬಿಟ್ಟ, 1996ರಲ್ಲಿ ಅವರು ವರ್ಲ್ಡ್ ಸೀರೀಸ್ ಗೆದ್ದರು, 2000ದ ನಂತರ ಆರಿಜೋನಾ ಬಿಟ್ಟ, 2001ರಲ್ಲಿ ಅವರೂ ಗೆದ್ದರು. ಟೆಡ್ ಟರ್ನರ್‌ನ ಪ್ರಸಂಗ ಮಾತ್ರ ನಮಗೆ ವಿರುದ್ಧವೆಂದು ತೋರಬಹುದು. 1977ರಲ್ಲಿ ಸತತ 16 ಪಂದ್ಯ ಸೋತ ಅಟ್ಲಾಂಟಾದ ಮ್ಯಾನೇಜರನಿಗೆ ರಜೆ ಕೊಟ್ಟು, ಮಾಲೀಕ ಟರ್ನರ್ ತಾನೇ ಸಮವಸ್ತ್ರ ತೊಟ್ಟು ಕೂತ, 17ನೆಯದೂ ಹೋಯಿತು. ಆದರೆ ಮ್ಯಾನೇಜರ್ ಇದ್ದಾಗ ಹದಿನಾರು ಸೋಲು, ಇಲ್ಲದಾಗ ಒಂದೇ. ಯಾವುದು ವಾಸಿ ಎಂದು ವಿರೋಧಿಗಳೇ ಹೇಳಲಿ.

ಋತುವಿಡೀ ನೋಡಿದರೆ ಹೀಗಿರಬಹುದು, ಆದರೆ ಒಂದು ತಪ್ಪು ನಿರ್ಧಾರ ಇಡೀ ವರ್ಷವನ್ನೇ ಮುಳುಗಿಸುವುದಿಲ್ಲವೇ ಎಂಬುದು ಗಟ್ಟಿಯಾದ ಆಕ್ಷೇಪ. 2003ರ ಅಕ್ಟೋಬರಿನಲ್ಲಿ, 5–2ರಿಂದ ಮುಂದಿದ್ದ ಬಾಸ್ಟನ್ನಿನ ಮ್ಯಾನೇಜರ್ ಗ್ರೇಡಿ ಲಿಟಲ್ ಎಂಟನೇ ಇನ್ನಿಂಗ್ಸಿನಲ್ಲಿ ದಣಿದ ಪಿಚರ್ ಪೆಡ್ರೊ ಮಾರ್ಟಿನೆಜ್‌ನನ್ನು ಹೊರಕರೆಯದೆ ಬಿಟ್ಟ. ಪಂದ್ಯ ಹೋಯಿತು, ಲಿಟಲ್‌ನ ಕೆಲಸವೂ ಹೋಯಿತು. 2020ರ ವರ್ಲ್ಡ್ ಸೀರೀಸಿನ ಆರನೇ ಪಂದ್ಯದಲ್ಲಿ, 1–0 ಮುಂದಿದ್ದ ಟ್ಯಾಂಪಾ ಬೇ ತಂಡದ ಕೆವಿನ್ ಕ್ಯಾಶ್ 73ನೇ ಎಸೆತಕ್ಕೇ ಬ್ಲೇಕ್ ಸ್ನೆಲ್‌ನನ್ನು ಹೊರಕರೆದ. ಪಂದ್ಯವೂ ಸರಣಿಯೂ ಹೋದವು. ತೆಗೆಯದಿದ್ದರೂ ಸೋಲು, ತೆಗೆದರೂ ಸೋಲು ಎಂದಮೇಲೆ ತೆಗೆಯುವುದನ್ನು ಸೋಲಿಗೆ ಕಾರಣವೆನ್ನುವುದು ವ್ಯಭಿಚಾರದೋಷ, ಎಂದರೆ ಕಾರಣವೆಂದದ್ದು ಇಲ್ಲದೆಯೂ ಕಾರ್ಯ ಆಗಿಬಿಡುವುದು. ಕ್ಯಾಶ್‌ಗೆ ಎರಡೇ ವಾರದಲ್ಲಿ ಅಮೆರಿಕನ್ ಲೀಗಿನ ವರ್ಷದ ಮ್ಯಾನೇಜರ್ ಪ್ರಶಸ್ತಿ ಬಂತು. ಇದರಲ್ಲಿ ವ್ಯಂಗ್ಯವೇನೂ ಇಲ್ಲ, ಮತದಾನ ಪ್ಲೇಆಫ್‌ಗೆ ಮುಂಚೆಯೇ ಮುಗಿದಿರುತ್ತದೆ. ಎಲ್ಲರ ಕಣ್ಣು ಬೀಳುವ ನಿರ್ಧಾರಗಳು ಬರುವ ಮೊದಲೇ ಲೆಕ್ಕ ಮುಚ್ಚುವ ಈ ಪದ್ಧತಿ ನಮ್ಮ ಸಿದ್ಧಾಂತಕ್ಕೆ ಪೂರಕ.

ಕಡೆಯ ಆಕ್ಷೇಪ ಮೃದುವಾದದ್ದು: ಆರು ತಿಂಗಳಲ್ಲಿ 162 ಪಂದ್ಯ, 26 ಜನರ ಮುನಿಸು, ಪಿಚರುಗಳ ನೋಯುವ ತೋಳು, ಇದನ್ನೆಲ್ಲ ಸಂಭಾಳಿಸುವುದು ಯಾರ ಲೆಕ್ಕಕ್ಕೂ ಸಿಗದ ಕೆಲಸವಲ್ಲವೇ? ಹೌದು, ಅಲ್ಲಗಳೆಯುವಂತಿಲ್ಲ. ಆದರೆ ಮಣ್ಣಿನ ಭಾರವೂ ಸುಳ್ಳಲ್ಲ; ಹೊತ್ತವನಿಗೆ ಕೂಲಿ ಸಲ್ಲುತ್ತದೆ, ಕಾರಣತ್ವ ಸಲ್ಲುವುದಿಲ್ಲ. ತಂಡಗಳಿಗೂ ಇದು ತಿಳಿದಂತಿದೆ. 2003ರಲ್ಲಿ ಲಿಟಲ್‌ನ ಋತುವನ್ನು ಹನ್ನೊಂದನೇ ಇನ್ನಿಂಗ್ಸಿನ ಹೋಮ್‌ರನ್ನಿನಿಂದ ಮುಗಿಸಿದ ಯಾಂಕೀಸ್ ಆಟಗಾರ ಆರನ್ ಬೂನ್, 2018ರಿಂದ ಅದೇ ಯಾಂಕೀಸ್‌ನ ಮ್ಯಾನೇಜರ್. 2024ರ ವರ್ಲ್ಡ್ ಸೀರೀಸಿನ ಮೊದಲ ಪಂದ್ಯದಲ್ಲಿ, ತಿಂಗಳಿಗೂ ಹೆಚ್ಚು ಕಾಲ ಪಂದ್ಯವಾಡದಿದ್ದ ನೆಸ್ಟರ್ ಕೋರ್ಟೆಸ್‌ನನ್ನು ಹತ್ತನೇ ಇನ್ನಿಂಗ್ಸಿನಲ್ಲಿ ಇಳಿಸಿದ. ಮೊದಲ ಎಸೆತಕ್ಕೆ ಶೋಹೆ ಒಟಾನಿ ಔಟಾದ. ಮುಂದಿನ ಬ್ಯಾಟರ್‌ಗೆ ಬೇಕೆಂದೇ ಬೇಸು ಬಿಟ್ಟುಕೊಡಲು ಎಸೆತವೇ ಬೇಕಾಗಲಿಲ್ಲ, 2017ರ ನಿಯಮದಂತೆ ಸನ್ನೆಯಷ್ಟೇ ಸಾಕು. ಎರಡನೇ ಎಸೆತವನ್ನು ಫ್ರೆಡ್ಡಿ ಫ್ರೀಮನ್ ಗ್ಯಾಲರಿಗೆ ಅಟ್ಟಿ, ಒಂದೇ ಹೊಡೆತಕ್ಕೆ ನಾಲ್ಕು ರನ್ ತಂದು ಪಂದ್ಯ ಮುಗಿಸಿದ. ಸರಣಿ 4–1ರಲ್ಲಿ ಹೋಯಿತು. ಮರುವರ್ಷ ಫೆಬ್ರುವರಿಯಲ್ಲಿ ಬೂನ್‌ನ ಗುತ್ತಿಗೆಯನ್ನು 2027ರವರೆಗೆ ವಿಸ್ತರಿಸಲಾಯಿತು.