ಅಳಿಲು-ಕೊಳ ವ್ಯಾಜ್ಯ: ಒಂದು ಮೀಮಾಂಸೆ

ಪೀಠಿಕೆ: ಮೈಸೂರಿನ ನಮ್ಮ ಹಿತ್ತಲಲ್ಲಿ ನಾಲ್ಕಡಿ ಉದ್ದ, ಮೂರಡಿ ಅಗಲದ ಸಿಮೆಂಟು ಕೊಳವೊಂದಿದೆ. ಅದರಲ್ಲಿ ಎರಡು ತಾವರೆ, ಹನ್ನೊಂದು ಗಪ್ಪಿ ಮೀನು, ಒಂದು ಪಂಪು. ಇದರ ಒಡೆತನ ನನ್ನದೋ ಸೀಬೆಮರದ ಅಳಿಲಿನದೋ ಎಂಬುದೇ ಈ ಪ್ರಬಂಧದ ವಸ್ತು.

ಶಬ್ದವಿಚಾರ: ‘ಅಳು ಇಲ್ಲ’ ಎಂಬುದೇ ಸವೆದು ‘ಅಳಿಲು’ ಆಯಿತೆಂದು ನನ್ನ ಮತ. ಅಳುವ ಭಾಗ್ಯ ಕೊಳ ಕಟ್ಟಿಸಿದವನಿಗೆ ಮೀಸಲು.

ಲಕ್ಷಣವಿಚಾರ: 1766ರಲ್ಲಿ ಲಿನೇಯಸ್ ಶಾಸ್ತ್ರೀಯ ಹೆಸರಿಟ್ಟ ನಮ್ಮ ಅಳಿಲಿಗೆ ಬೆನ್ನ ಮೇಲೆ ಮೂರು ಗೆರೆ. ಸೇತುವೆಗೆ ಮರಳು ಹೊತ್ತದ್ದಕ್ಕೆ ರಾಮ ಮೆಚ್ಚಿ ಸವರಿದ ಬೆರಳಗುರುತು ಎಂದು ಪ್ರತೀತಿ. ಆದರೆ ಉತ್ತರ ಭಾರತದಲ್ಲಿ ಹೆಚ್ಚಾಗಿ ಕಾಣುವ ಇದರ ದಾಯಾದಿಗೆ ಐದು ಗೆರೆ! ಅಯೋಧ್ಯೆಗೆ ಹತ್ತಿರದವರಿಗೆ ಎರಡು ಬೆರಳು ಹೆಚ್ಚಿಗೆ ಸಂದ ಈ ಪ್ರಾದೇಶಿಕ ಅಸಮತೋಲನದ ಬಗ್ಗೆ ಆಯೋಗವೊಂದು ರಚನೆಯಾಗಬೇಕು.

ಅಪರಾಧವಿಚಾರ: ಅಳಿಲಿನ ಬಾಚಿಹಲ್ಲು ಬದುಕಿರುವಷ್ಟು ಕಾಲ ಬೆಳೆಯುತ್ತಲೇ ಇರುತ್ತದೆ, ಸವೆಸಲು ಏನನ್ನಾದರೂ ಕಡಿಯಲೇಬೇಕು. ಪಂಪಿನ ವೈರು ಹೋದದ್ದಕ್ಕೆ ಈ ಸಮಜಾಯಿಷಿ ಒಪ್ಪಬಹುದು. ಕುಂಡದ ತೆಂಗಿನ ನಾರು ಗೂಡಿಗೆ ಹೋಯಿತು, ಅದೂ ಸರಿ. ತಾವರೆ ಮೊಗ್ಗನ್ನು ಅರ್ಧ ಕಡಿದು ಬಿಸಾಡಿದ್ದು ಮಾತ್ರ ಶುದ್ಧ ವಿಮರ್ಶೆ.

ಉಪಾಯವಿಚಾರ: ಸಾಮ: ಬುದ್ಧಿ ಹೇಳಿದೆ, ಅದು ಬಾಲ ಕುಣಿಸುತ್ತ ನನಗಿಂತ ಹೆಚ್ಚು ಹೊತ್ತು ಮಾತಾಡಿತು. ದಾನ: ಕಡಲೆಬೀಜ ಇಟ್ಟೆ, ಮರುದಿನ ನೆಂಟರೂ ಬಂದರು. ಭೇದ: ಒಂದೇ ಸೀಬೆಹಣ್ಣು ಇಟ್ಟು ಜಗಳ ಹಚ್ಚಿದೆ, ಜಗಳ ಕೊಳದೊಳಗೇ ನಡೆಯಿತು. ದಂಡ: ಬೋನು ಇಟ್ಟೆ; ಕೊಬ್ಬರಿ ಚೂರು ಮಾಯವಾಗಿತ್ತು, ಬಾಗಿಲು ತೆರೆದೇ ಇತ್ತು.

ಸಿದ್ಧಾಂತ: ಕೊನೆಗೆ ವೈರನ್ನು ಕಬ್ಬಿಣದ ಪೈಪಿನೊಳಗೆ ತೂರಿಸಿ, ಮೊಗ್ಗುಗಳಿಗೆ ತಂತಿಬಲೆ ಹೊದಿಸಿ, ಮರದಡಿ ಬೇರೆ ಬೋಗುಣಿಯಲ್ಲಿ ನೀರಿಟ್ಟೆ. ವ್ಯಾಜ್ಯ ಬಹುಪಾಲು ತೀರಿತು.

ಅನುಬಂಧ: ಒಂದು ಮಧ್ಯಾಹ್ನ ಮರಿಯೊಂದು ಕೊಳಕ್ಕೆ ಬಿತ್ತು. ನುಣ್ಣನೆಯ ಸಿಮೆಂಟು; ಹತ್ತಲಾಗದೆ ಸುತ್ತುತ್ತಿತ್ತು. ಕೈಗೆ ಸಿಕ್ಕ ಹಲಗೆಯನ್ನು ಓರೆಯಾಗಿ ಇಳಿಬಿಟ್ಟೆ. ಅದು ಹತ್ತಿ ಬಂದು, ಮೈಕೊಡವಿ, ಮರವೇರಿ ನನ್ನನ್ನೇ ಬೈಯಿತು. ಹಲಗೆ ಈಗಲೂ ಅಲ್ಲೇ ಇದೆ. ಹಿತ್ತಲಲ್ಲಿ ಕೊಳವಿರುವ ಓದುಗರೇ, ನೀವೂ ಒಂದು ಹಲಗೆ ಇಡಿ. ಆ ಸೇತುವೆಯ ಕೂಲಿ ಇನ್ನೂ ಬಾಕಿಯಿದೆ.