ತೂತಿಗೆ ಸುಂಕವುಂಟೆ? ದುರ್ಗ ಸೀಮೆಯ ಸುಂಕ ಮೀಮಾಂಸೆ

ಶಾಸ್ತ್ರಗಳಲ್ಲೆಲ್ಲ ಗಹನವಾದದ್ದು ಸುಂಕಶಾಸ್ತ್ರ. ಅದರ ಮೂಲಸಂಹಿತೆ, ಅಂದರೆ ಸರಕಿಗೊಂದು ಸಂಖ್ಯೆ ಹಚ್ಚುವ ಹಾರ್ಮೊನೈಸ್ಡ್ ಸಿಸ್ಟಂ (ಎಚ್‌ಎಸ್), ಲೋಕದಲ್ಲಿ ಜಾರಿಗೆ ಬಂದದ್ದು 1988ರಲ್ಲಿ. ನಮ್ಮವರು 1986ರಲ್ಲೇ ಅದಕ್ಕೆ ದೀಕ್ಷೆ ತೆಗೆದುಕೊಂಡಿದ್ದರು. ಮಾರಲು ಬರುವ ಸಕಲ ಸೃಷ್ಟಿಯನ್ನೂ ಅದು 97 ಅಧ್ಯಾಯಗಳಲ್ಲಿ ಅಡಗಿಸಿದೆ. ಬ್ರಹ್ಮನಿಗೆ ಮುಂದೆ ಏನಾದರೂ ಹೊಳೆದೀತೆಂದು 77ನೆಯದನ್ನು ಖಾಲಿ ಬಿಟ್ಟಿದ್ದಾರೆ.

ಹಿರಿಯೂರಿನ ಹೆದ್ದಾರಿ ಬದಿಯ ಒಂದು ಬ್ಲಾಕ್ ಯಾರ್ಡನ್ನು ಪ್ರಮಾಣವಾಗಿ ತೆಗೆದುಕೊಳ್ಳೋಣ. ಬೆಳಿಗ್ಗೆ ಮರಳು 2505, ಜಲ್ಲಿ 2517, ಸಿಮೆಂಟು 2523, ಟ್ಯಾಂಕರ್ ನೀರು 2201. ಎಂ-ಸ್ಯಾಂಡ್ ಹೆಸರಿಗೆ ಮರಳಾದರೂ ಕುಲದಿಂದ ಪುಡಿಗಲ್ಲು. ನೈಸರ್ಗಿಕ ಮರಳಿನ ಪಂಕ್ತಿಯಲ್ಲಿ ಅದಕ್ಕೆ ಎಲೆ ಹಾಕುವುದಿಲ್ಲ. ಮಿಕ್ಸರ್ ನಾಲ್ಕು ಸುತ್ತು ತಿರುಗಿತೋ, ಎಲ್ಲವೂ ಕುಲಗೋತ್ರ ಕಳೆದುಕೊಂಡು 3824 ಆಗುತ್ತವೆ. ಅದು ರಾಸಾಯನಿಕಗಳ ಅಧ್ಯಾಯ. ಬಾಂಡ್ಲಿ ಹೊರುವವರೆಲ್ಲ ಆ ಗಳಿಗೆಯಲ್ಲಿ ರಸಾಯನಶಾಸ್ತ್ರಜ್ಞರು. ಮೇಸ್ತ್ರಿಗೆ ಇದನ್ನು ಯಾರೂ ಹೇಳಬಾರದು, ಕೂಲಿ ಏರಿಸಿಯಾನು. ಅಚ್ಚಿಗೆ ಬಿದ್ದು ಗಟ್ಟಿಯಾದರೆ 6810 11, ಅಂದರೆ ಕಟ್ಟಡದ ಬ್ಲಾಕು, ಇಟ್ಟಿಗೆ.

ಇಲ್ಲಿ ಚಿತ್ರದುರ್ಗ ಪಂಥದ ಪೂರ್ವಪಕ್ಷ: "ಹಾಲೋ ಬ್ಲಾಕಿನೊಳಗೆ ಇರುವುದು ಗಾಳಿ. ಗಾಳಿಗೂ ಸುಂಕವೆ?" ಸಂಹಿತೆ ಘನ, ಟೊಳ್ಳು ಎಂದು ಭೇದವೆಣಿಸುವುದಿಲ್ಲ ಎಂಬುದು ಸಿದ್ಧಾಂತ. ಆದರೂ ತೂತು ನಗಣ್ಯವೆನ್ನಲು ದುರ್ಗದವರಿಗೆ ಬಾಯಿ ಬಾರದು. ಏಳು ಸುತ್ತಿನ ಕೋಟೆಯಲ್ಲಿ ಹೈದರನ ಸೈನಿಕರು ನುಸುಳಿದ್ದು ಒಂದು ಕಿಂಡಿಯಲ್ಲೇ. ಅಲ್ಲಿ ವಸೂಲಿಗೆ ನಿಂತವಳು ಓಬವ್ವ. ರಸೀದಿ ಕೊಟ್ಟ ದಾಖಲೆಯಿಲ್ಲ.

ವಾಣಿವಿಲಾಸ ಸಾಗರವನ್ನೂ 6810ಕ್ಕೆ ಸೇರಿಸಿ ಎಂಬುದು ಹಿರಿಯೂರು ಪಂಥದ ಹಟ. ಸಲ್ಲದು. 1907ರಲ್ಲಿ ಮುಗಿದ ಆ ಕಟ್ಟೆ ಕಲ್ಲು ಮತ್ತು ಸುರ್ಕಿ ಗಾರೆಯದು. ಮೇಲಾಗಿ ಸುಂಕ ಬೀಳಬೇಕಾದರೆ ಸರಕು ಗಡಿ ದಾಟಬೇಕು. 2022ರಲ್ಲಿ, 89 ವರ್ಷಗಳ ಬಳಿಕ, ಅಲ್ಲಿ ಕೋಡಿ ದಾಟಿದ್ದು ಬರೀ 2201.

ಹೊಸದುರ್ಗದವರದು ಬೇಲಿ ಕಂಬದ ಜಿಜ್ಞಾಸೆ. ಉಳಿಯಿಂದ ಕೆತ್ತಿದ ಕಲ್ಲಾದರೆ 6802, ಸಿಮೆಂಟಿನದಾದರೆ 6810. ಮೈ ಉಜ್ಜುವ ಎಮ್ಮೆಗೆ ಎರಡೂ ಒಂದೇ.

ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಮಾತ್ರ ಶಾಸ್ತ್ರ ತನ್ನ ಶಿಖರ ಮುಟ್ಟುತ್ತದೆ. ರೈಲಿನ ಅಧ್ಯಾಯ 86. ಹಳಿಯಡಿಯ ಕಾಂಕ್ರೀಟ್ ಸ್ಲೀಪರ್ ಅಲ್ಲಿಗೆ ಸೇರುವುದಿಲ್ಲ, 6810ಕ್ಕೇ ಹೋಗಬೇಕು ಎಂದು ಆ ಅಧ್ಯಾಯದ ಮೊದಲ ಟಿಪ್ಪಣಿಯೇ ವಿಧಿಸುತ್ತದೆ. ಅದೇ ಉಸಿರಿನಲ್ಲಿ ನೆಲ ಮುಟ್ಟದೆ ಗಾಳಿಯ ಮೇಲೆ ತೇಲುವ ರೈಲಿನ ಕಾಂಕ್ರೀಟ್ ದಾರಿಗೂ ಜಾಗ ಕಾದಿರಿಸಿದೆ! ಹಿರಿಯೂರು, ಚಿತ್ರದುರ್ಗಗಳ ಮೇಲೆ ಹಾಯಬೇಕಾದ ತುಮಕೂರು–ದಾವಣಗೆರೆ ನೇರ ಮಾರ್ಗಕ್ಕೆ 2011–12ರ ಬಜೆಟ್ಟಿನ ಕಾಲದಿಂದ ಕಾಯುತ್ತಿರುವವರು ಈ ಟಿಪ್ಪಣಿಯನ್ನು ನಿತ್ಯ ಪಾರಾಯಣ ಮಾಡಬಹುದು. ತೇಲುವ ರೈಲೇ ಮೊದಲು ಬಂದರೂ ಸುಂಕದವರು ಸಿದ್ಧರಿದ್ದಾರೆ.

ಈ ಮೀಮಾಂಸೆಯನ್ನು ಒಪ್ಪದ ವಿದ್ವಾಂಸರು ತಮ್ಮ ಆಕ್ಷೇಪವನ್ನು ಒಂದು ಬಾಂಡ್ಲಿ ಕಾಂಕ್ರೀಟಿನ ಸಮೇತ ಕೂಡಲೇ ಕಳಿಸತಕ್ಕದ್ದು. ತಡವಾಗಿ ಗಟ್ಟಿಯಾದರೆ ಅಧ್ಯಾಯ ಬದಲಾಗುವುದರಿಂದ ಅರ್ಜಿ ವಜಾ.