ಗೊತ್ತಿಲ್ಲ ಸ್ವಾಮಿ

ಖಾಸಗಿ ವಕೀಲರಿಗೆ ಕಕ್ಷಿದಾರರು ಇರುತ್ತಾರೆ. ಬರುತ್ತಾರೆ, ಕೂರುತ್ತಾರೆ, ಕಷ್ಟ ಹೇಳಿಕೊಳ್ಳುತ್ತಾರೆ, ಹೋಗುವಾಗ ಫೀಜು ಕೊಡುತ್ತಾರೆ. ತಾಲ್ಲೂಕು ಕೋರ್ಟಿನ ಸಹಾಯಕ ಸರ್ಕಾರಿ ಅಭಿಯೋಜಕನಾದ ನನಗೆ ಇರುವ ಕಕ್ಷಿದಾರರು ಒಬ್ಬರೇ: ಕರ್ನಾಟಕ ರಾಜ್ಯ. ಈವರೆಗೂ ಅವರು ಮುಖ ತೋರಿಸಿಲ್ಲ. ಅವರ ಪರವಾಗಿ ಬರುವುದು ಕೋರ್ಟ್ ಡ್ಯೂಟಿಯ ಪೇದೆ. ಕಂಕುಳಲ್ಲಿ ಕಡತ, ಬಾಯಲ್ಲಿ ಒಂದೇ ಮಾತು: "ಸಾರ್, ಸಾಕ್ಷಿ ಬಂದವ್ರೆ, ಬೇಗ ಮುಗಿಸ್ಬೇಕಂತೆ, ಬಸ್ಸೈತೆ."

ಸಿನಿಮಾ ನೋಡಿದವರು ನಾನು ದಿನಾ ಕೊಲೆಗಾರರ ಮುಂದೆ ಗುಡುಗುತ್ತೇನೆ ಎಂದುಕೊಂಡಿದ್ದಾರೆ. ಕೊಲೆ ಕೇಸು ನಡೆಯುವುದು ಸೆಷನ್ಸ್ ಕೋರ್ಟಿನಲ್ಲಿ. ಅಲ್ಲಿ ಗುಡುಗಲು ಬೇರೆಯವರಿದ್ದಾರೆ. ನನ್ನ ಪಾಲಿಗೆ ಅಂದರ್ ಬಾಹರ್, ಅಡ್ಡಾದಿಡ್ಡಿ ಓಡಿಸಿದ ಬೈಕು, ಮತ್ತೆ 323, 324, 504, 506. ಅಂದರೆ ಹೊಡೆದ, ಆಯುಧದಿಂದ ಹೊಡೆದ, ಬೈದ, ಬೆದರಿಸಿದ. 2024ರ ಜುಲೈ 1ರಿಂದ ನ್ಯಾಯ ಸಂಹಿತೆ ಬಂದು ಕಲಮುಗಳ ನಂಬರೆಲ್ಲ ಬದಲಾಯಿತು. ಹಳೆಯ ಘಟನೆಗೆ ಹಳೆಯ ನಂಬರು, ಹೊಸದಕ್ಕೆ ಹೊಸದು. ಹಳೆಯ ಕಡತದ 304 ಎಂದರೆ ನರಹತ್ಯೆ, ಹೊಸ ಕಡತದ 304 ಎಂದರೆ ಸರ ಕಿತ್ತುಕೊಂಡು ಓಡುವುದು. ವಂಚನೆಗೆ ಈಗ 318. ಆದರೂ ನಮ್ಮ ಕಡೆ ಯಾರೂ ಯಾರನ್ನೂ ಇನ್ನೂ "ತ್ರೀ ಏಟೀನ್ ನನ್ಮಗ" ಎಂದು ಬೈದಿಲ್ಲ.

ಎದುರು ವಕೀಲರಿಗೂ ನನಗೂ ಅಂಥ ಜಗಳವೇನಿಲ್ಲ, ಕ್ಯಾಂಟೀನಿನಲ್ಲಿ ಕಾಫಿ ಹಂಚಿಕೊಳ್ಳುತ್ತೇವೆ. ನನ್ನ ಜಗಳವೆಲ್ಲ ನನ್ನದೇ ಸಾಕ್ಷಿಗಳ ಜೊತೆ. ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೆ ಸಾಕ್ಷಿಯ ಸಹಿ ಪಡೆಯಬಾರದೆಂದು ಕಾನೂನೇ ಹೇಳುತ್ತದೆ. ಹಾಗಾಗಿ ಆ ಹೇಳಿಕೆ ಓದಿದರೆ "ಹಂಗಂತ ನಾನು ಹೇಳೇ ಇಲ್ಲ" ಅನ್ನುತ್ತಾರೆ. ಸಹಿ ಇರುವ ಮಹಜರು ತೋರಿಸಿದರೆ, "ಠಾಣೇಲಿ ಹಾಕು ಅಂದ್ರು, ಹಾಕ್ದೆ."

ಮೊನ್ನೆ ಅಣ್ಣತಮ್ಮಂದಿರ ಕೇಸು ಬಂತು. ಹೊಲದ ಬದುವಿಗೆ ಜಗಳ, ತಮ್ಮ ಗುದ್ದಲಿ ಕಾವಿನಿಂದ ಬಾರಿಸಿದ್ದ, ಅಣ್ಣನ ತಲೆಗೆ ಹೊಲಿಗೆ ಬಿದ್ದಿತ್ತು. ಘಟನೆ ಹಳೆಯದು, ಕಲಮು 324. ಕಾನೂನಿನಲ್ಲಿ ಅದಕ್ಕೆ ರಾಜಿಯಿಲ್ಲ. ಊರಿನ ಅರಳಿಕಟ್ಟೆಯಲ್ಲಿ ಇದೆ. ಕಟ್ಟೆಯಲ್ಲಿ ಆದ ರಾಜಿಯನ್ನು ಕೋರ್ಟಿಗೆ ತರುವ ದಾರಿ ಒಂದೇ, ಮರೆವು. ಮನೆಮಂದಿ ಮತ್ತೆ ಮಾತಾಡುವಂತಾದರೆ ಸಾಕ್ಷಿ ಮರೆಯುವುದರಲ್ಲಿ ನನಗೇನೂ ಅಂಥ ಸಂಕಟವಿಲ್ಲ. ಇದನ್ನು ಮೇಲಧಿಕಾರಿಗಳ ಮುಂದೆ ಹೇಳುವುದಿಲ್ಲ, ಅಷ್ಟೆ.

ಅಣ್ಣ ಕಟಕಟೆ ಹತ್ತಿದ.

"ತಲೆಗೆ ಗಾಯ ಹೇಗಾಯಿತು?"

"ಬದಿನ ಮೇಲೆ ಜಾರಿ ಬಿದ್ದೆ ಸ್ವಾಮಿ."

"ಈ ದೂರಿನ ಸಹಿ ಯಾರದು?"

"ಸಹಿ ನಂದೇಯ. ಬರೆದಿರೋದು ಏನೂ ಅಂತ ಗೊತ್ತಿಲ್ಲ."

ಪ್ರತಿಕೂಲ ಸಾಕ್ಷಿಯೆಂದು ಪರಿಗಣಿಸಲು ಕೋರಿದೆ. ಅನುಮತಿ ಸಿಕ್ಕಿತು. ಪೇದೆ ಅರಗಿನ ಮೊಹರು ಒಡೆದು ಬಟ್ಟೆ ಬಿಚ್ಚಿದ. ಒಳಗಿನಿಂದ ಮುದ್ದೆಮಾಲು ಒಂದು, ಗುದ್ದಲಿ ಕಾವು, ಹೊರಬಂತು. ಅಣ್ಣ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಈ ಕಾವನ್ನು ಗುರುತಿಸುತ್ತೀರಾ?"

"ಇಲ್ಲ ಸ್ವಾಮಿ, ಇವತ್ತೇ ನೋಡ್ತಿರೋದು."

"ಆರೋಪಿ ತಮ್ಮನಾದ್ದರಿಂದ ಸುಳ್ಳು ಹೇಳುತ್ತಿದ್ದೀರಿ ಎಂದರೆ?"

"ಸರಿಯಲ್ಲ."

ಇನ್ನು ಉಳಿದವರು ವೈದ್ಯರು. ಅವರು ಗಾಯದ ಉದ್ದಗಲ ಸೆಂಟಿಮೀಟರಿನಲ್ಲಿ ಹೇಳಿದರು. ಎದುರು ವಕೀಲರು ಒಂದೇ ಪ್ರಶ್ನೆ ಕೇಳಿದರು: ಒರಟು ನೆಲದ ಮೇಲೆ ಬಿದ್ದರೆ ಇಂಥ ಗಾಯ ಆಗಬಹುದೇ? ಆಗಬಹುದು. ಅವರು ಕೂತರು. ನಾನು ಆಗಲೇ ಕೂತಿದ್ದೆ.

ತೀರ್ಪಿನ ದಿನ ತಮ್ಮನ ಬಿಡುಗಡೆಯಾಯಿತು. ಇಂಥ ದಿನ ಮೇಲ್ಮನವಿಗೆ ಅರ್ಹವೋ ಅಲ್ಲವೋ ಎಂದು ಇಲಾಖೆಗೆ ಅಭಿಪ್ರಾಯ ಬರೆಯುವುದು ನನ್ನ ಕೆಲಸ. ಬರೆಯುತ್ತಿದ್ದಾಗ ಅಣ್ಣ ತಮ್ಮ ಇಬ್ಬರೂ ನನ್ನ ಕೋಣೆಗೆ ಬಂದರು. ಒಂದೇ ಬೈಕಿನಲ್ಲಿ ಬಂದಿದ್ದರಂತೆ. ಅಣ್ಣ ಮಗಳ ಮದುವೆ ಪತ್ರಿಕೆ ಕೊಟ್ಟ.

"ನಿಮ್ಮಂಥ ಲಾಯರ್ರು ಸಿಗಾಕಿಲ್ಲ ಸ್ವಾಮಿ. ನಮ್ ತಮ್ಮನ್ನ ಬಿಡಿಸ್ಕೊಟ್ರಿ."

ಸೋತದ್ದಕ್ಕೆ ಇಷ್ಟು ಮರ್ಯಾದೆ ಖಾಸಗಿ ವಕೀಲರಿಗೆ ಸಿಗಲಾರದು. ಊಟಕ್ಕೆ ಬರುತ್ತೇನೆ ಎಂದೆ. ಇಬ್ಬರೂ ಹೋಗಲಿಲ್ಲ.

"ಇನ್ನೇನು?"

"ಆ ಕಾವು ವಾಪಸ್ ಕೊಡಿಸ್ತೀರಾ?"

ಬೆಲೆಯಿಲ್ಲದ ಮುದ್ದೆಮಾಲನ್ನು ಮೇಲ್ಮನವಿ ಅವಧಿ ಮುಗಿದ ಮೇಲೆ ನಾಶ ಮಾಡಬೇಕೆಂದು ಆದೇಶವಾಗಿದೆ ಎಂದೆ. ಅಣ್ಣನ ಮುಖ ಬಾಡಿತು.

"ಬೆಲೆಯಿಲ್ದೆ ಏನು ಸ್ವಾಮಿ! ನಮ್ಮಪ್ಪ ಜಾಲಿಮರ ಕಡಿದು ಕೆತ್ತಿದ್ದು. ನೂರು ಕಾವಿನ ಮಧ್ಯೆ ಮಡಗಿ, ಕಣ್ಮುಚ್ಕೊಂಡು ಗುರುತು ಹಿಡೀತೀನಿ!"